ಚಿಪ್ ಷೇರುಗಳ ಗಾಳಿಮಾತನ್ನು ನಾನು ಜರಡಿ ಹಿಡಿಯುವ ರೀತಿ

ಬೆಳ್ಳಂದೂರಿನ ಯಾವ ಟೀ ಅಂಗಡಿ ಮುಂದೆ ನಿಂತರೂ ಚಿಪ್ ಕಂಪನಿಗಳ ಸುದ್ದಿ ಕಿವಿಗೆ ಬೀಳುತ್ತದೆ. ನಾನೂ ಚಿಪ್ ಡಿಸೈನ್ ಸರಿಯಿದೆಯಾ ಅಂತ ಪರೀಕ್ಷಿಸುವ ವೆರಿಫಿಕೇಶನ್ ಕೆಲಸದವನು, ಅಮೆರಿಕದ ಚಿಪ್ ಷೇರುಗಳಲ್ಲಿ ಸ್ವಲ್ಪ ಹಣ ಹಾಕಿದ್ದೇನೆ. ನಮ್ಮ ಕಂಪನಿಯದಾಗಲಿ, ಗ್ರಾಹಕರದಾಗಲಿ ಷೇರು ಮುಟ್ಟುವುದಿಲ್ಲ. ಒಳಗಿನ ಮಾಹಿತಿ ಇಟ್ಟುಕೊಂಡು ವ್ಯವಹಾರ ಮಾಡುವುದು ಅಪರಾಧ.

ಸುದ್ದಿ ಏನೇ ಬರಲಿ, ಆ ಚಿಪ್ ತಯಾರಾಗುವುದೆಲ್ಲಿ ಅಂತ ಮೊದಲು ನೋಡುತ್ತೇನೆ. ಚಿಪ್ ಡಿಸೈನ್ ಮಾಡುವ ಎನ್ವಿಡಿಯಾಗೆ ಸ್ವಂತ ಫ್ಯಾಬ್, ಅಂದರೆ ಚಿಪ್ ತಯಾರಿಸುವ ಕಾರ್ಖಾನೆ, ಇಲ್ಲ. ಅದರ ಪ್ರತಿಸ್ಪರ್ಧಿ ಎಎಂಡಿ ತನ್ನ ಫ್ಯಾಬ್‌ಗಳನ್ನು 2009ರಲ್ಲೇ ಬೇರೆ ಕಂಪನಿಯಾಗಿ ಮಾಡಿತು. ಇಬ್ಬರೂ ಈಗ ಬೇರೆಯವರಿಗೆ ಚಿಪ್ ಮಾಡಿಕೊಡುವ ತೈವಾನಿನ ಟಿಎಸ್‌ಎಂಸಿ ಬಾಗಿಲಲ್ಲೇ ನಿಲ್ಲಬೇಕು. ಹಾಗಾಗಿ ಒಬ್ಬರು ಇನ್ನೊಬ್ಬರನ್ನು ಹಿಂದೆ ಹಾಕ್ತಾರೆ ಅಂದಾಗ, ಡಿಸೈನ್ ಎಷ್ಟೇ ಚೆನ್ನಾಗಿರಲಿ, ವೇಫರ್ (ಚಿಪ್‌ಗಳನ್ನು ಮೂಡಿಸುವ ಸಿಲಿಕಾನ್ ತಟ್ಟೆ) ಸಿಗುತ್ತಾ, ಎಚ್‌ಬಿಎಂ ಅನ್ನುವ ಅತಿ ವೇಗದ ಮೆಮೊರಿ ಸಿಗುತ್ತಾ, ಚಿಪ್ ಮತ್ತು ಮೆಮೊರಿ ಎರಡನ್ನೂ ಜೋಡಿಸುವ ಪ್ಯಾಕೇಜಿಂಗ್ ಲೈನಿನಲ್ಲಿ ಜಾಗ ಸಿಗುತ್ತಾ ಅನ್ನುವುದೇ ನನಗೆ ಮುಖ್ಯ. ಟಿಎಸ್‌ಎಂಸಿ ಪ್ರತಿ ತಿಂಗಳು 10ನೇ ತಾರೀಖಿನ ಹೊತ್ತಿಗೆ ಹಿಂದಿನ ತಿಂಗಳ ಆದಾಯ ಹೇಳಿಬಿಡುತ್ತದೆ. ಅದನ್ನು ತಪ್ಪದೆ ಬರೆದಿಟ್ಟುಕೊಳ್ಳುತ್ತೇನೆ.

ಆಮೇಲೆ ಕಂಪನಿಯ ವಾರ್ಷಿಕ ವರದಿ. ಅದರಲ್ಲಿ ದಾಸ್ತಾನಿನ ಟಿಪ್ಪಣಿ ಇರುತ್ತದೆ: ಕಚ್ಚಾ ಮಾಲು, ಅರ್ಧ ತಯಾರಾದದ್ದು, ಪೂರ್ತಿ ತಯಾರಾದದ್ದು. ಮಾರಾಟ ನಿಂತಲ್ಲೇ ನಿಂತು, ಪೂರ್ತಿ ತಯಾರಾದ ಮಾಲು ಮಾತ್ರ ಬೆಳೆಯುತ್ತಿದ್ದರೆ ಹುಷಾರಾಗುತ್ತೇನೆ. ಮುಂದೆ ಇಷ್ಟು ಕೊಂಡೇ ಕೊಳ್ಳುತ್ತೇವೆ ಅಂತ ಸಪ್ಲೈಯರ್‌ಗಳಿಗೆ ಕೊಟ್ಟ ಮಾತಿನ ಮೊತ್ತವೂ ಅಲ್ಲೇ ಸಿಗುತ್ತದೆ. ಅದು ಜಾಸ್ತಿಯಾದರೆ ಬೇಡಿಕೆ ಬರುತ್ತೆ ಅಂತ ಕಂಪನಿಯೇ ತನ್ನ ದುಡ್ಡು ಕಟ್ಟಿದೆ ಅಂತ ಅರ್ಥ, ಅಲ್ವಾ? ಯಾವ ವಿಶ್ಲೇಷಕರ ಮಾತಿಗಿಂತಲೂ ನನಗೆ ಇದರ ಮೇಲೆ ನಂಬಿಕೆ.

ಕಂಪನಿ ಕೊಳ್ಳುವ ಸುದ್ದಿಯಾದರೆ, ಇದರಿಂದ ಯಾರಿಗೆ ಹೊಟ್ಟೆ ಉರಿಯುತ್ತೆ ಅಂತ ಯೋಚಿಸುತ್ತೇನೆ. ಪ್ರೊಸೆಸರ್ ಡಿಸೈನ್‌ಗಳನ್ನು ಬೇರೆ ಕಂಪನಿಗಳಿಗೆ ಕೊಡುವ ಆರ್ಮ್ ಅನ್ನು ಕೊಳ್ಳುತ್ತೇವೆ ಅಂತ ಎನ್ವಿಡಿಯಾ 2020ರ ಸೆಪ್ಟೆಂಬರಿನಲ್ಲಿ ಹೇಳಿತು, ಮುಂದಿನ ತಿಂಗಳೇ ಎಎಂಡಿ ಇನ್ನೊಂದು ಚಿಪ್ ಕಂಪನಿ ಜೈಲಿಂಕ್ಸ್ ಅನ್ನು ಕೊಳ್ಳುತ್ತೇವೆ ಅಂತ ಹೇಳಿತು. 2022ರ ಫೆಬ್ರವರಿಯಲ್ಲಿ ಎರಡನೆಯ ಖರೀದಿ ಪೂರ್ತಿಯಾಯಿತು, ಮೊದಲನೆಯದು ಮುರಿದು ಬಿತ್ತು. ಆರ್ಮ್ ಡಿಸೈನ್ ಮೇಲೆ ಎನ್ವಿಡಿಯಾದ ಪ್ರತಿಸ್ಪರ್ಧಿಗಳೂ ನಿಂತಿದ್ದಾರೆ, ಅದು ಒಬ್ಬರ ಕೈಗೆ ಹೋಗುವುದನ್ನು ಅವರು ಸುಮ್ನೆ ನೋಡ್ತಾ ಕೂರಲಿಲ್ಲ.

ಸ್ವಂತ ಫ್ಯಾಬ್ ಇರುವ ಇಂಟೆಲ್ ವಿಷಯದಲ್ಲಿ ಮಾತ್ರ ನನ್ನ ಅಳತೆಗೋಲು ಬೇರೆ. ಅದು ಹಿಡಿದಿರುವ, ಬೇರೆಯವರ ಚಿಪ್ ಮಾಡಿಕೊಡುವ ದಾರಿ ಫಲ ಕೊಡಲು ವರ್ಷಗಟ್ಟಲೆ ಹಿಡಿಯುತ್ತದೆ. ಹಾಗಾಗಿ ತ್ರೈಮಾಸಿಕದ ಲಾಭಕ್ಕಿಂತ ಹೊರಗಿನ ದೊಡ್ಡ ಗ್ರಾಹಕರು ಯಾರು ಬಂದರು ಅಂತ ನೋಡುತ್ತೇನೆ.

ಇಲ್ಲಿಂದ ಹಣ ಹಾಕುವವರು ಒಂದು ನೆನಪಿಡಿ. ಷೇರು ಮಾರದಿದ್ದರೂ ಆದಾಯ ತೆರಿಗೆ ರಿಟರ್ನಿನಲ್ಲಿ ವಿದೇಶಿ ಆಸ್ತಿಯ ಪಟ್ಟಿ ತುಂಬಲೇಬೇಕು, ಅದೂ ಜನವರಿಯಿಂದ ಡಿಸೆಂಬರ್ ಲೆಕ್ಕದಲ್ಲಿ.