ಮೊದಲ ರೇಡಿಯೋ ವಿಮಾನ: ಚೌಕಟ್ಟು ಮತ್ತು ಹೊದಿಕೆ

ಕಾಸರಗೋಡಿನ ಕುಂಬಳೆ, ಬದಿಯಡ್ಕದ ಕಡೆ ಆಟಿ ತಿಂಗಳ ಮಳೆಯಲ್ಲಿ ಬಾಲ್ಸಾ ಎಂಬ ಹಗುರ ಮರ ತೇವ ಹೀರಿ ಬಾಗುವುದರಿಂದ, ರೇಡಿಯೋದಿಂದ ನಿಯಂತ್ರಿಸುವ ಮಾದರಿ ವಿಮಾನದ ಮೊದಲ ಕಿಟ್ (ಬಿಡಿಭಾಗಗಳ ಕಟ್ಟು) ಜೋಡಿಸಲು ಡಿಸೆಂಬರಿನ ಬಳಿಕದ ಒಣ ದಿನಗಳೇ ಲೇಸು. ರೆಕ್ಕೆ ಮೈಯ ಮೇಲ್ಗಡೆ ಕೂರುವ ತರಬೇತಿ ಮಾದರಿಯನ್ನೇ ಆರಿಸಿರಿ. ಸಮತಟ್ಟಾದ ಹಲಗೆಯ ಮೇಲೆ ನಕ್ಷೆ ಹಾಸಿ, ಅಂಟು ಹಿಡಿಯದಂತೆ ತೆಳು ಪ್ಲಾಸ್ಟಿಕ್ ಹೊದಿಸಿ, ಬಿಡಿಭಾಗಗಳನ್ನು ಗುಂಡುಸೂಜಿಯಿಂದ ನಿಲ್ಲಿಸಿ ಅಳತೆ ನೋಡಿದ ಮೇಲೆಯೇ ಅಂಟು ಹಾಕಬೇಕು. ಮೋಟಾರು ಕೂರುವ ಹಲಗೆಗೆ ಎಪಾಕ್ಸಿ ಎಂಬ ಗಟ್ಟಿ ಅಂಟೇ ಬೇಕು.

ಹೊದಿಕೆಗೆ ಅವಸರ ಸಲ್ಲದು. ನನ್ನ ಮೊದಲ ರೆಕ್ಕೆ ತಿರುಚಿದ್ದು ಇಲ್ಲಿಯೇ. ಚೌಕಟ್ಟನ್ನು ನಯವಾದ ಉಪ್ಪುಕಾಗದದಿಂದ ಉಜ್ಜಿ, ಧೂಳನ್ನು ಪೂರ್ತಿ ಒರೆಸಿ, ಮೊದಲು ರೆಕ್ಕೆಯ ಅಡಿಭಾಗವನ್ನೂ ಅನಂತರ ಮೇಲ್ಭಾಗವನ್ನೂ ಹೊದಿಸಿದರೆ ಜೋಡಣೆಯ ಗೆರೆ ಮೇಲಿನಿಂದ ಕಾಣದು. ಹೊದಿಕೆಯ ಫಿಲ್ಮಿನ (ಶಾಖಕ್ಕೆ ಬಿಗಿಯುವ ತೆಳು ಪ್ಲಾಸ್ಟಿಕ್ ಹಾಳೆಯ) ಅಂಚುಗಳನ್ನು ಕಡಿಮೆ ಶಾಖದ ಇಸ್ತ್ರಿಯಿಂದ ಸುತ್ತಲೂ ಅಂಟಿಸಿದ ಬಳಿಕ, ಶಾಖ ಹೆಚ್ಚಿಸಿ, ಮೇಲೂ ಕೆಳಗೂ ಸ್ವಲ್ಪ ಸ್ವಲ್ಪವಾಗಿ ಬಿಗಿಗೊಳಿಸಿರಿ. ಒಂದೇ ಬದಿಯನ್ನು ಪೂರ್ತಿ ಬಿಗಿದರೆ ತೆಳು ಚೌಕಟ್ಟು ಆ ಕಡೆಗೆ ಸೆಳೆಯಲ್ಪಡುತ್ತದೆ.

ಬ್ಯಾಟರಿ ಕೂರಿಸಿ, ನಕ್ಷೆ ತೋರಿದ ಸಮತೋಲದ ಬಿಂದುವಿನಲ್ಲಿ, ಸಾಮಾನ್ಯವಾಗಿ ರೆಕ್ಕೆಯ ಅಗಲದಲ್ಲಿ ಮುಂದಿನ ಅಂಚಿನಿಂದ ಶೇಕಡಾ 25ರಿಂದ 30ರಷ್ಟು ಹಿಂದೆ, ವಿಮಾನವನ್ನು ಎರಡು ಬೆರಳುಗಳ ಮೇಲೆ ನಿಲ್ಲಿಸಿರಿ. ಬಾಲ ಭಾರವಾದರೆ ಹಾರಿಸಲೇಬೇಡಿರಿ. ಕಡಲಗಾಳಿ ಏಳುವ ಮುನ್ನ, ಜನವಿಲ್ಲದ ಬಯಲು ಪದವಿನಲ್ಲಿ, ಅನುಭವಿಗಳೊಬ್ಬರನ್ನು ಜೊತೆಗಿಟ್ಟುಕೊಂಡು ಮೊದಲ ಹಾರಾಟ ಮಾಡಿರಿ.