ಅಜ್ಜಿಯಿಂದ ಮುತ್ತುಗದ ಎಲೆ ಹಚ್ಚಲು ಕಲಿತದ್ದು

ನಮ್ಮದು ಕಡೂರಿನ ಕಡೆ ಬಯಲುಸೀಮೆ. ಹೊಲದ ಬದುವಿನಲ್ಲಿ ಈಗಲೂ ಅಲ್ಲೊಂದು ಇಲ್ಲೊಂದು ಮುತ್ತುಗದ ಮರ ಇದೆ. ಆದರೂ ಎರಡು ವರ್ಷದ ಹಿಂದೆ ತಾತನ ತಿಥಿಗೆ ಊಟದ ಎಲೆಯನ್ನು ಅಂಗಡಿಯಿಂದ ತಂದೆವು. ಅದರ ಕೆಳಗಡೆ ಪ್ಲಾಸ್ಟಿಕ್ ಅಂಟಿಸಿತ್ತು. ಅಜ್ಜಿ ಆ ಎಲೆಯ ಮುಂದೆ ಕೂರಲೇ ಇಲ್ಲ. ನನಗೆ ತುಂಬಾ ನೋವಾಯಿತು. ಮುಂದಿನ ತಿಥಿಗೆ ಮುತ್ತುಗದ ಎಲೆಗಳನ್ನು ಕಡ್ಡಿಯಿಂದ ಜೋಡಿಸಿ ನಾನೇ ಹಚ್ಚುತ್ತೇನೆ ಅಂದುಕೊಂಡೆ.

ಬೇಸಿಗೆ ಶುರುವಿಗೆ ಮರ ಬೋಳಾಗಿ ಮೈತುಂಬ ಕೆಂಪು ಹೂ ಬಿಡುತ್ತದೆ. ಎಲೆ ಬರುವುದು ಆಮೇಲೆ. ಮೊದಲ ಸಲ ಆತುರಪಟ್ಟು ಎಳೆಯದನ್ನೇ ಕಿತ್ತೆ. ಒಣಗುತ್ತಲೇ ಎಲ್ಲ ಮುದುರಿಹೋಯಿತು. ಎರಡನೇ ಸಲ ಬಲಿತ ಎಲೆ ತಂದು, ನೆರಳಲ್ಲಿ ಒಣಗಿಸಿ, ಮೇಲೆ ಕಲ್ಲು ಹೇರಿಟ್ಟೆ. ಹಚ್ಚುವ ಮುಂಚೆ ನೀರು ಚಿಮುಕಿಸಿದರೆ ಮತ್ತೆ ಮೆತ್ತಗಾಗುತ್ತದೆ.

ಒಂದು ತೊಟ್ಟಿಗೆ ಮೂರು ಎಲೆ. ನಡುವಿನದು ದೊಡ್ಡದು, ದುಂಡಗೆ. ಪಕ್ಕದ ಎರಡೂ ಸ್ವಲ್ಪ ಓರೆ. ದುಂಡನೆಯದನ್ನು ಮಧ್ಯಕ್ಕಿಟ್ಟು ಓರೆಯವನ್ನು ಸುತ್ತ ಜೋಡಿಸಬೇಕು. ನುಣುಪಾದ ಮೈ ಮೇಲಕ್ಕೆ. ಅಂಚಿನ ಮೇಲೆ ಅಂಚು ಎರಡು ಬೆರಳಷ್ಟು ಕೂರಿಸಿ, ಬಿದಿರಿನ ಸಣ್ಣ ಕಡ್ಡಿ ಚುಚ್ಚಿ, ಹೊರಬಂದ ತುದಿಯನ್ನು ಚಿಟ್ ಅಂತ ಮುರಿಯಬೇಕು. ಕಷ್ಟ ಇರೋದು ಇಲ್ಲೇ. ಜಾಸ್ತಿ ಎಳೆದರೆ ಎಲೆ ಹರಿಯುತ್ತದೆ, ತುದಿ ಉಳಿದರೆ ಅನ್ನದ ಜೊತೆ ಬಾಯಿಗೆ ಹೋಗುತ್ತದೆ. "ಉಣ್ಣೋರಿಗೆ ಕಡ್ಡಿ ಸಿಕ್ಕರೆ ಹಚ್ಚಿದೋಳಿಗೆ ಪಾಪ ಕಣೇ" ಅಂತ ಅಜ್ಜಿ ಪ್ರತಿ ಎಲೆಯನ್ನೂ ಮುಟ್ಟಿ ನೋಡುತ್ತಿದ್ದಳು.

ಹೋಮದ ಸಮಿಧೆ, ಉಪನಯನದ ವಟುವಿನ ದಂಡ, ಹೋಳಿ ಹಬ್ಬದ ಬಣ್ಣ, ಎಲ್ಲಕ್ಕೂ ಈ ಮರ ಬೇಕು. ವೇದದಲ್ಲಿ ಇದರ ಹೆಸರು ಪರ್ಣ. ತೈತ್ತಿರೀಯ ಸಂಹಿತೆಯಲ್ಲಿ ಒಂದು ಕಥೆ ಇದೆ. ಯಜ್ಞಕ್ಕೆ ರಸ ಹಿಂಡುವ ಸೋಮ ಅನ್ನುವ ಗಿಡ ಆಕಾಶದಲ್ಲಿತ್ತಂತೆ. ಗಾಯತ್ರಿ ಅನ್ನುವ ಛಂದಸ್ಸು ಅದನ್ನು ತರುವಾಗ ಒಂದು ಪರ್ಣ ತುಂಡಾಗಿ ಬಿದ್ದು ಈ ಮರವಾಯಿತಂತೆ. ಆಹುತಿ ಹಾಕುವ ಜುಹೂ ಅನ್ನುವ ಸೌಟನ್ನು ಇದರಲ್ಲೇ ಮಾಡಿಕೊಂಡವನ ಕಿವಿಗೆ ಕೆಟ್ಟ ಮಾತು ಬೀಳುವುದಿಲ್ಲ ಅಂತಲೂ ಅಲ್ಲೇ ಹೇಳಿದೆ. ಪರ್ಣ ಅಂದ್ರೆ ಗರಿಯೂ ಹೌದು, ಎಲೆಯೂ ಹೌದು. ಇದನ್ನು ಅಜ್ಜಿಗೆ ಹೇಳಿದೆ. "ನಾವೂ ಅಷ್ಟೇ ಅಲ್ವಾ? ಎಲೆಗೆ ಹೋಗ್ತೀವಿ ಅಂದ್ರೆ ಮುತ್ತುಗಕ್ಕೇ" ಅಂದಳು.

ತಿಥಿಗೆ ಮೂವತ್ತು ಎಲೆ ಆಯಿತು. ಬಡಿಸುವ ಮುಂಚೆ ಅಜ್ಜಿ ತನ್ನ ಎಲೆಯ ಮೇಲೆ ಅಂಗೈ ಆಡಿಸಿದಳು. ಒಂದು ಕಡೆ ಕಡ್ಡಿ ಚುಚ್ಚಿತು. ಅದನ್ನು ಉಗುರಿನಿಂದ ಮುರಿದು ಪಕ್ಕಕ್ಕಿಟ್ಟು, "ಅನ್ನ ಬಡಿಸು" ಅಂದಳು.