ತರಗತಿಯ ತಪ್ಪಿನಿಂದ ಸಮ್ಮೇಳನದ ವೇದಿಕೆಗೆ

ಬೆಂಗಳೂರಿನಲ್ಲಿ ಹೊರಗಿನವರಿಗೆ ಕನ್ನಡ ಕಲಿಸುವವರೆಲ್ಲ ಕೇಳಿರುವ ಒಂದು ವಾಕ್ಯ ಇದೆ: ‘ನಾನು ಕನ್ನಡ ಗೊತ್ತಿಲ್ಲ.’ ‘ನನಗೆ’ ಅನ್ನಬೇಕು ಅಂತ ತಿದ್ದಿ ಮುಂದಿನ ಪಾಠಕ್ಕೆ ಹೋಗುತ್ತೇವೆ. ನಾನೂ ಎಷ್ಟೋ ವರ್ಷ ಹಾಗೇ ಮಾಡಿದೆ. ಒಂದು ಸಂಜೆ ಜಯನಗರದ ತರಗತಿಯಲ್ಲಿ ಬೇರೆಯೇ ಒಂದು ಸಂಗತಿ ಕಣ್ಣಿಗೆ ಬಿತ್ತು. ತಮಿಳು ಮನೆಮಾತಿನವರು ಈ ತಪ್ಪು ಮಾಡುತ್ತಲೇ ಇರಲಿಲ್ಲ. ಬಂಗಾಳಿಯವರು ಮತ್ತೆ ಮತ್ತೆ ಮಾಡುತ್ತಿದ್ದರು. ತಮಿಳಿನಲ್ಲಿ ‘ಎನಕ್ಕು ತೆರಿಯುಂ’. ಅಲ್ಲೂ ‘ನನಗೆ’ಯೇ. ಬಂಗಾಳಿಯಲ್ಲಿ ‘ಆಮಿ ಜಾನಿ’. ಅಲ್ಲಿ ‘ಆಮಿ’ ಅಂದರೆ ‘ನಾನು’.

ಭಾಷೆಯ ಸಮ್ಮೇಳನದಲ್ಲಿ ಮಂಡಿಸುವ ಒಂದು ಸಂಶೋಧನಾ ಪೇಪರ್ ಶುರು ಮಾಡಲು ಇಷ್ಟು ಸಾಕು. ಆದರೆ ಸಮ್ಮೇಳನ ಅಂದರೆ ದೊಡ್ಡ ಪ್ರೊಫೆಸರ್‌ಗಳ ಕೆಲಸ ಅಂದುಕೊಂಡು ಶಾಲಾ ಶಿಕ್ಷಕರು, ಎಂ.ಎ. ವಿದ್ಯಾರ್ಥಿಗಳು, ಕನ್ನಡಕ್ಕಾಗಿ ಕೋಡ್ ಬರೆಯುವ ಹುಡುಗ ಹುಡುಗಿಯರು ದೂರ ಉಳಿದುಬಿಡುತ್ತಾರೆ. ಇದು ನನಗೆ ನಿಜಕ್ಕೂ ನೋವಿನ ವಿಷಯ. ಕನ್ನಡದ ಬಗ್ಗೆ ಹೊಸದಾಗಿ ಏನಾದರೂ ಕಣ್ಣಿಗೆ ಬೀಳುವುದು ಇವರಿಗೇ ಜಾಸ್ತಿ ಅಲ್ವಾ?

ಮೊದಲು ಪ್ರಶ್ನೆಯನ್ನು ಚಿಕ್ಕದು ಮಾಡಿ

‘ಕನ್ನಡ ಕಲಿಕೆಯ ಸಮಸ್ಯೆಗಳು’ ಅಂತ ಹೊರಟರೆ ಪೇಪರ್ ಮುಗಿಯುವುದಿಲ್ಲ. ‘ಗೊತ್ತು, ಬೇಕು, ಇಷ್ಟ ಈ ಮೂರು ಮಾತಿನ ಜೊತೆ ಬಂಗಾಳಿ ಮಾತಾಡುವವರು ನಾನು ಅನ್ನುತ್ತಾರೋ ನನಗೆ ಅನ್ನುತ್ತಾರೋ?’ ಅಂತ ಕೇಳಿದರೆ ಮುಗಿಯುತ್ತದೆ. ಪ್ರಶ್ನೆ ಒಂದೇ ವಾಕ್ಯದಲ್ಲಿ ಹಿಡಿಸಬೇಕು.

ಚಿಕ್ಕ ಪ್ರಶ್ನೆ ಅಂದರೆ ಬೆಲೆಯಿಲ್ಲದ ಪ್ರಶ್ನೆ ಅಲ್ಲ. ಭಾಷಾವಿಜ್ಞಾನಿ ಜೆಫ್ರಿ ಲಿಡ್ಜ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನವನ್ನೇ ನೋಡಿ. ಏರು, ಏರಿಸು ಇಂಥ ಜೋಡಿಯಲ್ಲಿ ಬರುವ ‘ಇಸು’ ಅವರ ವಿಷಯ. ಮೂರು ವರ್ಷದ ಕನ್ನಡದ ಮಕ್ಕಳ ಮುಂದೆ ಆಟಿಕೆ ಇಟ್ಟು, ಕೇಳಿದ ವಾಕ್ಯದಲ್ಲಿ ನಡೆಯುವುದನ್ನು ಅವುಗಳಿಂದ ಆಡಿ ತೋರಿಸಿ ಅಂದರು. ತಾನಾಗಿ ಏರಿದ್ದೋ ಯಾರೋ ಏರಿಸಿದ್ದೋ ಅಂತ ತಿಳಿಯಲು ಮಕ್ಕಳು ‘ಇಸು’ವನ್ನು ನಂಬಲಿಲ್ಲ, ವಾಕ್ಯದಲ್ಲಿ ಎಷ್ಟು ನಾಮಪದ ಇವೆ ಅನ್ನುವುದನ್ನು ನೋಡಿದರು. ಮಕ್ಕಳು ಭಾಷೆ ಕಲಿಯುವ ಬಗೆಯ ಚರ್ಚೆಯಲ್ಲಿ ನಮ್ಮ ‘ಇಸು’ ಇವತ್ತಿಗೂ ಬರುತ್ತದೆ.

ಹಿಂದೆ ಯಾರು ಏನು ಬರೆದಿದ್ದಾರೆ ಅಂತ ಹುಡುಕಲು ದುಡ್ಡು ಬೇಕಿಲ್ಲ. ನಮ್ಮ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳು ಶೋಧಗಂಗಾ ಜಾಲತಾಣದಲ್ಲಿ ಸಿಗುತ್ತವೆ. ಭಾಷೆ ಮತ್ತು ಕಂಪ್ಯೂಟರ್ ಸೇರುವ ಪೇಪರ್‌ಗಳಿಗೆ ಎಸಿಎಲ್ ಅನ್ನುವ ಸಂಘದ ‘ಎಸಿಎಲ್ ಆಂಥಾಲಜಿ’ ಜಾಲತಾಣ ಇದೆ, ಅದೂ ಉಚಿತ. ಒಂದು ದಿನ ಬಿಡುವಾದರೆ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನಕ್ಕೆ ಹೋಗಿಬನ್ನಿ.

ಯಾವ ಸಮ್ಮೇಳನ?

ನಿಮ್ಮ ಪ್ರಶ್ನೆ ಭಾಷೆಯ ರಚನೆಯದ್ದಾದರೆ ಭಾರತೀಯ ಭಾಷಾವಿಜ್ಞಾನ ಸಂಘದ ಸಮ್ಮೇಳನ ನೋಡಿ. ಈ ಸಂಘ ಹುಟ್ಟಿದ್ದು 1928ರಲ್ಲಿ, ಲಾಹೋರಿನಲ್ಲಿ. ತಿರುವನಂತಪುರದ ದ್ರಾವಿಡ ಭಾಷಾವಿಜ್ಞಾನ ಸಂಘವೂ ಸಮ್ಮೇಳನ ನಡೆಸುತ್ತದೆ. ಇಂಗ್ಲಿಷ್ ಕಲಿಸುವವರಿಗೆ ‘ಎಲ್ಟಾಯ್’ ಅಂತ ಕರೆಯುವ ಶಿಕ್ಷಕರ ಸಂಘ ಇದೆ. ಕೋಡ್ ಬರೆಯುವವರಿಗೆ, ಭಾಷೆ ಮತ್ತು ಕಂಪ್ಯೂಟರ್ ಸೇರುವ ಕೆಲಸದ ಸಮ್ಮೇಳನ ‘ಐಕಾನ್’ ಇದೆ. 2021ರಲ್ಲಿ ಶುರುವಾದ ‘ದ್ರಾವಿಡಿಯನ್ ಲ್ಯಾಂಗ್ ಟೆಕ್’ ಕಾರ್ಯಾಗಾರವೂ ಇದೆ. ಹೊಸಬರಿಗೆ ನಾನು ಮೊದಲು ಹೇಳುವುದು ಇದನ್ನೇ. ಅಲ್ಲಿ ಸ್ಪರ್ಧೆಯ ಹಾಗೆ ಕೆಲಸ ಕೊಡುತ್ತಾರೆ, ಅದಕ್ಕೆ ಬೇಕಾದ ದತ್ತಾಂಶವನ್ನೂ ಕೊಡುತ್ತಾರೆ. ಮೊದಲ ವರ್ಷವೇ ಯೂಟ್ಯೂಬಿನ ಕನ್ನಡ-ಇಂಗ್ಲಿಷ್ ಬೆರಕೆ ಕಾಮೆಂಟುಗಳಲ್ಲಿ ಬೈಗುಳ ಗುರುತಿಸುವ ಕೆಲಸ ಇತ್ತು.

ಇಲ್ಲಿ ಒಂದು ಎಚ್ಚರಿಕೆ. ‘ನಿಮ್ಮ ಪೇಪರ್ ಎರಡೇ ದಿನದಲ್ಲಿ ಒಪ್ಪುತ್ತೇವೆ’ ಅಂತ ಬರುವ ಇಮೇಲ್ ನಂಬಬೇಡಿ. ನಾನು ಒಮ್ಮೆ ನಂಬಿ ಶುಲ್ಕ ಕಟ್ಟಿದ್ದೆ. ಹೋಟೆಲಿನ ಒಂದು ಕೋಣೆ. ಸೇತುವೆ ಕಟ್ಟುವವರು, ಹಲ್ಲಿನ ಡಾಕ್ಟರು, ನಾನು, ಎಲ್ಲರೂ ಒಂದೇ ಗೋಷ್ಠಿಯಲ್ಲಿ. ಯಾರೂ ಒಂದು ಪ್ರಶ್ನೆ ಕೇಳಲಿಲ್ಲ. ಆ ದುಡ್ಡಿಗಿಂತ ಆ ಮೌನ ಜಾಸ್ತಿ ನೋಯಿಸಿತು. ಸಮಿತಿಯಲ್ಲಿ ಯಾರಿದ್ದಾರೆ ನೋಡಿ, ಅವರಲ್ಲೊಬ್ಬರಿಗೆ ಬರೆದು ಕೇಳಿ. ಹಳೆಯ ವರ್ಷಗಳ ಪೇಪರ್ ತೆರೆದು ಓದಿ. ಎಲ್ಲ ವಿಷಯಕ್ಕೂ ಬಾಗಿಲು ತೆಗೆದಿದ್ದರೆ ಬಿಟ್ಟುಬಿಡಿ.

ಸಾರಾಂಶ ಬರೆಯುವುದು

ನನ್ನ ಪ್ರಕಾರ ಅರ್ಧಕ್ಕಿಂತ ಜಾಸ್ತಿ ಕೆಲಸ ಇಲ್ಲೇ ಇದೆ. ಭಾಷಾವಿಜ್ಞಾನದ ಸಮ್ಮೇಳನಗಳು ಸಾಮಾನ್ಯವಾಗಿ ಆಯ್ಕೆ ಮಾಡಲು ಒಂದೆರಡು ಪುಟದ ಸಾರಾಂಶ ಕೇಳುತ್ತವೆ. ಎಸಿಎಲ್ ಮಾದರಿಯ ಕಡೆ ಪೂರ್ತಿ ಪೇಪರೇ ಬೇಕು. ದೊಡ್ಡದಾದರೆ 8 ಪುಟ, ಚಿಕ್ಕದಾದರೆ 4. ನಿಮ್ಮ ಕೆಲಸದ ಮಿತಿಗಳೇನು ಅಂತ ಹೇಳುವ ಭಾಗ ಅದರಲ್ಲಿ ಇರಲೇಬೇಕು.

ಕನ್ನಡದ ಹಿರಿಮೆ, ಎರಡು ಸಾವಿರ ವರ್ಷದ ಇತಿಹಾಸ, ಇವುಗಳಿಂದ ಶುರು ಮಾಡಬೇಡಿ. ನಮಗೆಲ್ಲ ಆ ಅಭಿಮಾನ ಇದೆ, ಆದರೆ ಓದುವವರಿಗೆ ಬೇಕಾದ್ದು ನಿಮ್ಮ ಪ್ರಶ್ನೆ. ಅದು ಮೊದಲ ನಾಲ್ಕು ಸಾಲಿನಲ್ಲೇ ಬರಲಿ. ಆಮೇಲೆ ಎಷ್ಟು ಜನರನ್ನು ಕೇಳಿದಿರಿ, ಯಾವ ವಾಕ್ಯ ಕೊಟ್ಟಿರಿ, ಏನು ಸಿಕ್ಕಿತು. ಹನ್ನೆರಡು ಜನರನ್ನು ಕೇಳಿದ್ದರೆ ಹನ್ನೆರಡು ಅಂತಲೇ ಬರೆಯಿರಿ. ‘ಹಲವರು’ ಅನ್ನಬೇಡಿ.

ಉದಾಹರಣೆ ಕೊಡುವ ರೀತಿ ಕಲಿಯಲೇಬೇಕು. ಓದುವವರಿಗೆ ಕನ್ನಡ ಬರುವುದಿಲ್ಲ ಅಂದುಕೊಂಡೇ ಮೂರು ಸಾಲು ಬರೆಯಬೇಕು. ಮೊದಲ ಸಾಲಿನಲ್ಲಿ ವಾಕ್ಯವನ್ನು ಬಿಡಿಸಿ, ‘ನನ-ಗೆ ಕನ್ನಡ ಗೊತ್ತು’ ಅನ್ನುವ ಹಾಗೆ, ರೋಮನ್ ಲಿಪಿಯಲ್ಲಿ. ಎರಡನೆಯದರಲ್ಲಿ ಪ್ರತಿ ತುಂಡಿನ ಕೆಳಗೆ ಅದರ ಅರ್ಥ. ‘ಗೆ’ ಕೆಳಗೆ ಚತುರ್ಥಿ ವಿಭಕ್ತಿಯ ಗುರುತು ಬರುತ್ತದೆ. ಮೂರನೆಯದರಲ್ಲಿ ಇಡೀ ವಾಕ್ಯದ ಅನುವಾದ. ಇದಕ್ಕೆ ಲೈಪ್‌ಜಿಗ್ ನಿಯಮಗಳು ಅಂತ ಹೆಸರು. ಒಂದು ಸಂಜೆ ಕೂತರೆ ಕೈಗೆ ಹತ್ತುತ್ತದೆ. ನಾವು ಶಾಲೆಯಲ್ಲಿ ವಿಭಕ್ತಿ ಬಾಯಿಪಾಠ ಮಾಡಿದವರು, ನಮಗಿದು ಸುಲಭ.

ಬರೆದವರ ಹೆಸರು ಎಲ್ಲೂ ಕಾಣಬಾರದು ಅನ್ನುವ ನಿಯಮವಿದ್ದರೆ ಕಡತದ ಗುಣಲಕ್ಷಣಗಳಲ್ಲೂ (ಫೈಲ್ ಪ್ರಾಪರ್ಟೀಸ್) ಅಳಿಸಿ. ಕನ್ನಡ ಲಿಪಿ ಹಾಕುವುದಾದರೆ ಯೂನಿಕೋಡ್‌ನಲ್ಲೇ ಹಾಕಿ. ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದು ಬೇರೆಯವರ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತದೆ. ಪೇಪರ್ ಜೋಡಿಸಲು ಲೇಟೆಕ್ ಅನ್ನುವ ತಂತ್ರಾಂಶ ಬಳಸುವವರು ಅದರ ಕಂಪೈಲರ್ ಅನ್ನು ಝೀಲೇಟೆಕ್ ಅಥವಾ ಲುವಾಲೇಟೆಕ್‌ಗೆ ಬದಲಿಸಿ, ಇಲ್ಲದಿದ್ದರೆ ಒತ್ತಕ್ಷರ ಸರಿಯಾಗಿ ಕೂರುವುದಿಲ್ಲ.

ಕೊನೆಯ ದಿನಾಂಕದ ಪಕ್ಕ ‘ಎಓಇ’ ಅಂತ ಇದ್ದರೆ, ಭೂಮಿಯ ಮೇಲೆ ಎಲ್ಲಾದರೂ ಆ ದಿನ ಉಳಿದಿರುವವರೆಗೆ ಕಳಿಸಬಹುದು ಅಂತ ಅರ್ಥ. ಬೆಂಗಳೂರಿನ ಗಡಿಯಾರದಲ್ಲಿ ಅದು ಮರುದಿನ ಸಂಜೆ 5 ಗಂಟೆ 29 ನಿಮಿಷ.

ಉತ್ತರ ಬಂದ ಮೇಲೆ

ನನ್ನ ಮೊದಲ ಸಾರಾಂಶವನ್ನು ಒಪ್ಪಲಿಲ್ಲ. ಸಮ್ಮೇಳನದ ಪರವಾಗಿ ಅದನ್ನು ಓದಿದ ವಿಮರ್ಶಕರು ಕೇಳಿದ್ದು ಒಂದೇ ಮಾತು: ‘ತಮಿಳಿನವರು ಎಷ್ಟು ವರ್ಷದಿಂದ ಬೆಂಗಳೂರಿನಲ್ಲಿದ್ದಾರೆ?’ ನಾನು ಕೇಳಿಯೇ ಇರಲಿಲ್ಲ. ಕೆಲವರು ಇಲ್ಲೇ ಹುಟ್ಟಿದವರು, ಬಂಗಾಳಿಯವರು ಹೆಚ್ಚಿನವರು ಆಗಷ್ಟೇ ಬಂದವರು. ವ್ಯತ್ಯಾಸ ಮನೆಮಾತಿನದೋ, ಬೀದಿಯಲ್ಲಿ ಕೇಳಿದ ಕನ್ನಡದ್ದೋ ಹೇಳುವುದು ಹೇಗೆ? ಎರಡು ದಿನ ಬೇಜಾರಾಯಿತು. ಆಮೇಲೆ ಒಂದು ವರ್ಷದೊಳಗೆ ಬಂದವರನ್ನಷ್ಟೇ ಸೇರಿಸಿಕೊಂಡು ಮತ್ತೆ ಕೇಳಿದೆ. ಮುಂದಿನ ವರ್ಷ ಒಪ್ಪಿದರು. ಆದ್ದರಿಂದ ತಿರಸ್ಕಾರದ ಪತ್ರವನ್ನು ಬೇಜಾರು ಇಳಿದ ಮೇಲೆ ಇನ್ನೊಮ್ಮೆ ಓದಿ.

ದುಡ್ಡಿನ ವಿಷಯ ಬೇಗ ನೋಡಿಕೊಳ್ಳಿ. ವಿದ್ಯಾರ್ಥಿಗಳಿಗೆ ಶುಲ್ಕ ಸಾಮಾನ್ಯವಾಗಿ ಕಡಿಮೆ. ಕೆಲವು ಕಡೆ ಸ್ವಯಂಸೇವಕರಾದರೆ ಮಾಫಿ ಇರುತ್ತದೆ, ಪತ್ರ ಬರೆದು ಕೇಳಲು ಸಂಕೋಚ ಬೇಡ.

ಭಾಷಣಕ್ಕೆ ಹೆಚ್ಚಾಗಿ 20 ನಿಮಿಷ ಕೊಡುತ್ತಾರೆ, ಆಮೇಲೆ ಪ್ರಶ್ನೆಗಳು. ಮನೆಯವರ ಮುಂದೆ ಗಡಿಯಾರ ಇಟ್ಟು ಎರಡು ಸಲ ಹೇಳಿ ನೋಡಿ. ಪೋಸ್ಟರ್ ಆದರೆ ಎ0 ಅಳತೆ, ಅಂದರೆ 841 ಮಿ.ಮೀ. ಅಗಲ, 1189 ಮಿ.ಮೀ. ಎತ್ತರ. ಹಿಂದಿನ ರಾತ್ರಿ ಮುದ್ರಣದಂಗಡಿಗೆ ಓಡಬೇಡಿ. ಒತ್ತಕ್ಷರ ಸರಿ ಬಂದಿದೆಯಾ ಅಂತ ನೀವೇ ನಿಂತು ನೋಡಬೇಕು.

ಪ್ರಶ್ನೆಗಳ ಹೊತ್ತಿಗೆ ಪೆನ್ನು ಕೈಯಲ್ಲಿರಲಿ. ನನ್ನ ಭಾಷಣ ಮುಗಿದಾಗ ಹಿಂದಿನ ಸಾಲಿನಿಂದ ಒಬ್ಬರು ಎದ್ದು ಕೇಳಿದರು: ‘ಮೇಡಂ, ಕನ್ನಡದಲ್ಲಿ ನಾನು ಬಲ್ಲೆ ಅಂತಲೂ ಇದೆಯಲ್ಲ? ಮೊದಲು ಅದನ್ನು ಕಲಿಸಿದರೆ ಬಂಗಾಳಿಯವರಿಗೆ ಏನಾಗುತ್ತದೆ?’ ನನ್ನ ಹತ್ತಿರ ಉತ್ತರ ಇರಲಿಲ್ಲ, ಹಾಗಂತಲೇ ಹೇಳಿದೆ. ಊರಿಗೆ ಬಂದ ವಾರವೇ ಹೊಸ ಬ್ಯಾಚಿಗೆ ‘ಬಲ್ಲೆ’ಯಿಂದ ಪಾಠ ಶುರು ಮಾಡಿದೆ. ಈಗ ಅವರ ವಾಕ್ಯಗಳನ್ನು ಬರೆದಿಟ್ಟುಕೊಳ್ಳುತ್ತಿದ್ದೇನೆ.